ಹಳೆಯ ಹಾಡು, ಹಣ್ಣಾದ ಕಂಠ

ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಗೆ ಬಸವಕಲ್ಯಾಣದಿಂದ ನಾವು ಐದಾರು ಮಂದಿ ಹೆಂಗಸರು ಜನವರಿಯಲ್ಲಿ ಹೋಗುವುದುಂಟು. ತೇರು ನೋಡುವುದು, ಬಳೆ ಇಡಿಸಿಕೊಳ್ಳುವುದು, ಬೆಂಡು ಬತ್ತಾಸು ಕಟ್ಟಿಸಿಕೊಂಡು ಬಸ್ಸು ಹತ್ತುವುದು, ಇಷ್ಟೇ ನಮ್ಮ ಕಾರ್ಯಕ್ರಮ. ಒಂದು ವರ್ಷ ಮಾತ್ರ ರಸಮಂಜರಿ ಕೇಳಲು ಕುಳಿತೆವು. ಎಂದೋ ಚದುರಿಹೋಗಿದ್ದ ಹಳೆಯ ಮೇಳದವರು ಮತ್ತೆ ಕೂಡಿದ್ದಾರೆಂದು ನಿರೂಪಕ ದೊಡ್ಡದಾಗಿ ಸಾರಿದ. ಅರವತ್ತು ದಾಟಿದ ಗಾಯಕಿ ಜಾನಕಿಯವರ ಹಾಡೊಂದನ್ನು ಎತ್ತಿಕೊಂಡರು. ಒಂದು ಕಾಲಕ್ಕೆ ಆ ಹಾಡಿನಿಂದಲೇ ಹೆಸರಾದವರಂತೆ. ಪಲ್ಲವಿ ಚೆನ್ನಾಗಿಯೇ ಬಂತು. ಚರಣದಲ್ಲಿ ಮೇಲೇರಬೇಕಾದಲ್ಲಿ ದನಿ ಒಡೆಯಿತು. ಹಿಂದಿನಿಂದ ಒಬ್ಬ ಹುಡುಗ, “ಅಜ್ಜಿ, ಮನ್ಯಾಗ ಕೂಡಬಾರದೇನು?” ಎಂದ. ಜನ ನಕ್ಕರು. ನಾನೂ ನಕ್ಕೆ.

ಬಸ್ಸಿನಲ್ಲಿ ಬರುವಾಗ ಆ ನಗು ಗಂಟಲಲ್ಲೇ ಸಿಕ್ಕಿಕೊಂಡಿತ್ತು. ವಯಸ್ಸಾದವರು ತಮ್ಮ ಹಳೆಯ ಹಾಡುಗಳನ್ನೇ ಹಿಡಿದು ಮತ್ತೆ ವೇದಿಕೆ ಏರಬೇಕೇ? ಮರ್ಯಾದೆಯಿಂದ ಮನೆಯಲ್ಲಿರಬಾರದೇ?

ಇದು ನಮ್ಮ ಜಾತ್ರೆಯ ಪ್ರಶ್ನೆಯೊಂದೇ ಅಲ್ಲ. 1962ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ರೋಲಿಂಗ್ ಸ್ಟೋನ್ಸ್ ತಂಡದ ಮಿಕ್ ಜಾಗರ್ ಎಂಬತ್ತು ತುಂಬಿದ ಮೇಲೂ, 2024ರಲ್ಲಿ, ಅಮೆರಿಕದ ಊರೂರು ತಿರುಗಿ ಹಳೆಯ ಹಾಡು ಹಾಡಿದರು. ಸ್ವೀಡನ್ನಿನ ಆಬಾ ತಂಡದ್ದು ಬೇರೆಯೇ ದಾರಿ. 1982ರಲ್ಲಿ ಹಾಡು ನಿಲ್ಲಿಸಿದ್ದ ಆ ನಾಲ್ವರು 2021ರಲ್ಲಿ ಹೊಸ ಹಾಡುಗಳನ್ನು ತಂದರು. ಆದರೆ 2022ರಲ್ಲಿ ಲಂಡನ್ನಿನಲ್ಲಿ ಶುರುವಾದ ಪ್ರದರ್ಶನದಲ್ಲಿ ಕುಣಿದದ್ದು ಅವರಲ್ಲ, ಕಂಪ್ಯೂಟರಿನಲ್ಲಿ ಮಾಡಿದ ಅವರ ಹರೆಯದ ಬೊಂಬೆಗಳು. ಎಲ್ಲರೂ ಮುದುಕರಾಗುತ್ತಾರೆ, ಬೊಂಬೆಗೆ ಮಾತ್ರ ಮುಪ್ಪಿಲ್ಲ. ನನಗೇಕೋ ಇದು ಗೆಲುವಾಗಿ ಕಾಣಲಿಲ್ಲ. ಅಲ್ಲಿ ಜನ ಕೇಳಲು ಬಂದದ್ದು ಹಾಡುಗಾರರನ್ನೋ, ತಮ್ಮದೇ ಕಳೆದುಹೋದ ಇಪ್ಪತ್ತನೆಯ ವರ್ಷವನ್ನೋ?

ನಮ್ಮವರನ್ನೇ ನೋಡೋಣ. 1957ರಲ್ಲಿ ಚಿತ್ರಗೀತೆ ಹಾಡಲು ತೊಡಗಿದ ಎಸ್. ಜಾನಕಿ 2017ರ ಅಕ್ಟೋಬರಿನಲ್ಲಿ, ತಮ್ಮ 79ನೆಯ ವಯಸ್ಸಿನಲ್ಲಿ, ಮೈಸೂರಿನಲ್ಲಿ ಹಾಡಿ ವೇದಿಕೆಗೆ ವಿದಾಯ ಹೇಳಿದರು. ಗಂಗೂಬಾಯಿ ಹಾನಗಲ್ಲರು ಹಾಗೆ ಮಾಡಲಿಲ್ಲ. 1913ರಲ್ಲಿ ಹುಟ್ಟಿದ ಅವರು 2006ರಲ್ಲಿ, 93ರ ವಯಸ್ಸಿನಲ್ಲಿ, ಕೊನೆಯ ಕಛೇರಿ ಕೊಟ್ಟರು. ಇಬ್ಬರಲ್ಲಿ ಯಾರು ಸರಿ?

ಇಬ್ಬರೂ ಸರಿ ಎಂದೇ ನನ್ನ ಅನಿಸಿಕೆ. ಚಿತ್ರಗೀತೆಗೆ ಒಬ್ಬಳು ಸವತಿಯಿದ್ದಾಳೆ, ಅವಳೇ ಧ್ವನಿಮುದ್ರಿಕೆ. ಜಾನಕಿಯವರು ಮೂವತ್ತರಲ್ಲಿ ಹಾಡಿದ್ದು ರೇಡಿಯೋದಲ್ಲಿ, ಕ್ಯಾಸೆಟ್ಟಿನಲ್ಲಿ, ಈಗ ಮೊಬೈಲಿನಲ್ಲಿ ಮೂವತ್ತರಲ್ಲೇ ನಿಂತಿದೆ. ಎಪ್ಪತ್ತರ ಕಂಠ ಅದರೊಂದಿಗೆ ದಿನಾ ಪಂದ್ಯ ಕಟ್ಟಬೇಕು. ಒಂದು ಗಮಕ ಆಚೀಚೆಯಾದರೂ ನಾವು ಕೇಳುಗರು ಹಿಡಿದುಬಿಡುತ್ತೇವೆ. ರಾಗಕ್ಕೆ ಈ ಕಾಟವಿಲ್ಲ. ಒಮ್ಮೆ ಹಾಡಿದಂತೆ ಇನ್ನೊಮ್ಮೆ ಹಾಡಬೇಕೆಂಬ ಹಟವೇ ಅಲ್ಲಿಲ್ಲ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ಗಂಗೂಬಾಯಿಯವರ ದನಿ ಗಂಡಸಿನ ದನಿಯಂತೆ ಗಡುಸಾಯಿತು. ಅವರು ಹಳೆಯ ದನಿಯನ್ನು ಹುಡುಕುತ್ತ ಕೂಡಲಿಲ್ಲ, ಹೊಸ ದನಿಯಲ್ಲೇ ಕಿರಾಣಾ ಘರಾಣೆಯ ಗಾಯನವನ್ನು ಬೆಳೆಸಿದರು.

ಹುಮನಾಬಾದಿನ ಪಕ್ಕದ ಮಾಣಿಕನಗರವನ್ನು ನೀವೂ ನೋಡಿರಬಹುದು. 1817ರಲ್ಲಿ ಹುಟ್ಟಿದ ಮಾಣಿಕಪ್ರಭುಗಳು ಕಟ್ಟಿದ ಪದಗಳನ್ನು ಅಲ್ಲಿ ಇಂದಿಗೂ ಹಾಡುತ್ತಾರೆ. ಎಷ್ಟು ಕಂಠಗಳು ಬಂದು ಹೋಗಿವೆಯೋ! ಪದ ಹಳೆಯದಾಯಿತೆಂದು ಯಾರೂ ಬಿಟ್ಟಿಲ್ಲ, ದನಿ ನಡುಗಿತೆಂದು ಯಾರನ್ನೂ ನಕ್ಕು ಎಬ್ಬಿಸಿಲ್ಲ. ಅಲ್ಲಿ ಯಾರ ಹಾಡಿಗೂ ಮುದ್ರಿಕೆ ಎದುರಾಳಿಯಾಗಿ ನಿಂತಿಲ್ಲ.

ಹಾಗಾದರೆ ವಯಸ್ಸಾದವರು ಚಿತ್ರಗೀತೆ ಹಾಡಲೇಬಾರದೇ? ಹಾಡಲಿ. ಎಷ್ಟೋ ಕಲಾವಿದರಿಗೆ ಅದೇ ಅನ್ನ, ಅವರಿಗೆ ಪಿಂಚಣಿ ಯಾರು ಕೊಡುತ್ತಾರೆ? ಆದರೆ ಈಗಿನ ದನಿಯಲ್ಲಿ ಹಾಡಲಿ. ಶ್ರುತಿ ಇಳಿಸಿಕೊಳ್ಳಲಿ, ನಡೆ ನಿಧಾನ ಮಾಡಿಕೊಳ್ಳಲಿ. ಹಿಂದೆ ಮುದ್ರಿಕೆ ಹಚ್ಚಿ ತುಟಿಯಾಡಿಸುವುದು, ಮೈಕಿನ ಪ್ರತಿಧ್ವನಿಯಲ್ಲಿ ಬಿರುಕು ಮುಚ್ಚುವುದು ಬೇಡ. ಅಂದು ಆ ಗಾಯಕಿಯ ದನಿ ಒಡೆದದ್ದು ವಯಸ್ಸಿನಿಂದಲ್ಲ. ಮೇಳದವರು ಮುದ್ರಿಕೆಯ ಶ್ರುತಿಯನ್ನೇ ಹಿಡಿದು ಕೂತಿದ್ದರು, ನಾವೂ ಅದನ್ನೇ ಬಯಸಿ ಕೂತಿದ್ದೆವು.

ಈ ಮಾತು ಬರೆಯುವಷ್ಟು ಸುಲಭವಾಗಿ ನನಗೆ ತಿಳಿಯಲಿಲ್ಲ. ನಮ್ಮ ಭಜನಾ ಮಂಡಳಿಯಲ್ಲಿ ಒಬ್ಬ ಕಾಕು ಇದ್ದಾರೆ. ನಮಗೆಲ್ಲ ವಚನ ಹಾಡಲು ಕಲಿಸಿದವರೇ ಅವರು. ಸ್ಪರ್ಧೆಯೊಂದಕ್ಕೆ ಹೊರಟಾಗ, “ಕಾಕು, ಈ ಸಲ ನೀವು ತಾಳಾ ಹಿಡೀರಿ, ಹಾಡೋದು ನಾವು ನೋಡ್ಕೋತೀವಿ” ಎಂದವಳು ನಾನೇ. ಅವರು ನಕ್ಕು ತಾಳ ಹಿಡಿದರು. ಬಹುಮಾನ ಬಂತು. ಮುಂದಿನ ವಾರದಿಂದ ಕಾಕು ಭಜನೆಗೆ ಬರಲಿಲ್ಲ. ಮೊಣಕಾಲು ನೋವೆಂದು ಹೇಳಿ ಕಳಿಸಿದರು. ನಾನು ನಂಬಿದೆ, ನಂಬುವುದು ಸುಲಭವಿತ್ತು.

ಜಾತ್ರೆಯಿಂದ ಬಂದ ಮರುದಿನ ಅವರ ಮನೆಗೆ ಹೋದೆ. ಚಹಾ ಕೊಟ್ಟರು. ತಪ್ಪಾಯಿತೆಂದು ಹೇಳಲು ನನಗೆ ಬಾಯಿ ಬರಲಿಲ್ಲ. “ಭಜನಿಗಿ ಬರ್ರಿ ಕಾಕು, ನೀವಿಲ್ಲದೆ ಸಪ್ಪಗ ಆಗ್ಯಾದ” ಎಂದೆ.

ಅವರು ಕಪ್ಪು ಬಸಿ ಎತ್ತಿಡುತ್ತ, “ನಂದು ದನಿ ಹೋಗಿಲ್ಲ ತಂಗಿ, ಇಳದದ ಅಷ್ಟೇ. ನೀವು ಪೇಟಿ ಕಪ್ಪು ನಾಕರಾಗ ಹಿಡಿತೀರಿ. ಕಪ್ಪು ಮೂರಕ್ಕ ಬರ್ರಿ, ನಾ ಹಾಡ್ತೀನಿ” ಎಂದರು.

ಈಗ ನಮ್ಮ ಮಂಡಳಿಯ ಹಾರ್ಮೋನಿಯಂ ಕಪ್ಪು ಮೂರಕ್ಕೆ ಇಳಿದಿದೆ. ಸಣ್ಣ ಹುಡುಗಿಯರು ಮೊದಮೊದಲು ಗೊಣಗಿದರು, ಆಮೇಲೆ ಹೊಂದಿಕೊಂಡರು. ಆ ವರ್ಷದಿಂದ ಬಹುಮಾನ ಬಂದಿಲ್ಲ.