ಬ್ಯಾಕಪ್ ತಂತ್ರಾಂಶವನ್ನು ರಿಸ್ಟೋರ್‌ನಿಂದ ಅಳೆಯೋಣ

ಮನೆಯ ಕಂಪ್ಯೂಟರಿಗೆ ಉಚಿತ ಬ್ಯಾಕಪ್ ತಂತ್ರಾಂಶ ಹುಡುಕುವವರು ಸಾಮಾನ್ಯವಾಗಿ ಕೇಳುವುದು ಇಷ್ಟು: ಎಷ್ಟು ಬೇಗ ನಕಲು ತೆಗೆಯುತ್ತದೆ, ಎಷ್ಟು ಕುಗ್ಗಿಸುತ್ತದೆ, ದಿನಾ ತಾನಾಗಿಯೇ ನಡೆಯುತ್ತದೆಯೇ, ಬಳಸಲು ಸುಲಭವೇ. ಇವೆಲ್ಲ ಎಲ್ಲವೂ ಸರಿಯಿರುವ ದಿನದ ಪ್ರಶ್ನೆಗಳು. ಹಾರ್ಡ್ ಡಿಸ್ಕ್ ಕೆಟ್ಟ ದಿನ ವಿಂಡೋಸ್ ಇರುವುದಿಲ್ಲ, ಅದರೊಳಗೆ ಹಾಕಿಕೊಂಡಿದ್ದ ತಂತ್ರಾಂಶವೂ ಇರುವುದಿಲ್ಲ. ಉಳಿದಿರುವುದು ಒಂದು ಎಕ್ಸ್‌ಟರ್ನಲ್ ಡಿಸ್ಕ್ ಮತ್ತು ಒಂದು ಪೆನ್ ಡ್ರೈವ್. ಅವೆರಡರಿಂದ ಹೊಸ ಡಿಸ್ಕಿಗೆ ಎಲ್ಲವನ್ನೂ ಮರಳಿ ತರಬಹುದೇ ಎಂಬುದೇ ಆಯ್ಕೆಯ ಮೊದಲ ಅಳತೆಗೋಲಾಗಬೇಕು. ಉಳಿದ ಗುಣಗಳನ್ನು ಆಮೇಲೆ ನೋಡೋಣ.

ಇದು ಅತಿಯಾದ ಎಚ್ಚರ ಅನ್ನಿಸಿದರೆ 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯಲ್ಲಿ ನಡೆದದ್ದನ್ನು ನೋಡಬೇಕು. ಎಂಜಿನಿಯರೊಬ್ಬರು ತಪ್ಪಿ ಮುಖ್ಯ ಸರ್ವರಿನ ಡೇಟಾಬೇಸನ್ನೇ ಅಳಿಸಿಬಿಟ್ಟರು. ಬ್ಯಾಕಪ್ಪಿಗೆ ಅಲ್ಲಿ ಹಲವು ಏರ್ಪಾಡುಗಳಿದ್ದವು. ಆದರೆ ದಿನಾ ತೆಗೆಯಬೇಕಿದ್ದ ನಕಲು, ತಂತ್ರಾಂಶದ ಆವೃತ್ತಿಗಳು ಹೊಂದದೆ, ಸದ್ದಿಲ್ಲದೆ ವಿಫಲವಾಗುತ್ತಿತ್ತು. ಅದನ್ನು ತಿಳಿಸಬೇಕಿದ್ದ ಇಮೇಲ್‌ಗಳು ಯಾರಿಗೂ ತಲುಪುತ್ತಿರಲಿಲ್ಲ. ಕೊನೆಗೆ ಕೈಹಿಡಿದದ್ದು ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿದ್ದ ಒಂದು ನಕಲು. ಇದನ್ನೇ ಕಾಯಲು ಸಂಬಳದ ಎಂಜಿನಿಯರುಗಳಿದ್ದ ಕಡೆಯಲ್ಲೇ ಹೀಗಾದರೆ, ಹಸಿರು ಟಿಕ್ ಗುರುತನ್ನಷ್ಟೇ ನಂಬಿಕೊಂಡ ಮನೆಬಳಕೆದಾರರ ಸ್ಥಿತಿ ಇನ್ನೂ ದುರ್ಬಲ. ನಕಲು ತೆಗೆದಾಯಿತು ಎಂಬ ಸಂದೇಶ, ಅದು ಮರಳಿ ಬರುತ್ತದೆ ಎಂಬುದಕ್ಕೆ ಸಾಕ್ಷಿಯಲ್ಲ.

ಈ ಅಳತೆಗೋಲನ್ನು ಹಿಡಿದರೆ ‘ಉಚಿತ’ ಎಂಬ ಹಣೆಪಟ್ಟಿಯ ತೂಕವೂ ಬದಲಾಗುತ್ತದೆ. ಮ್ಯಾಕ್ರಿಯಮ್ ರಿಫ್ಲೆಕ್ಟ್ ತಂತ್ರಾಂಶದ ಉಚಿತ ಆವೃತ್ತಿ ಬಹುಕಾಲ ಎಲ್ಲರ ಮೊದಲ ಶಿಫಾರಸಾಗಿತ್ತು, ಅದಕ್ಕೆ ಅರ್ಹವೂ ಆಗಿತ್ತು. ಕಂಪನಿ ಅದನ್ನು ಕೈಬಿಟ್ಟಿತು. 2024ರ ಜನವರಿಯಿಂದ ಅದಕ್ಕೆ ಭದ್ರತಾ ತಿದ್ದುಪಡಿಗಳೂ ಬರುತ್ತಿಲ್ಲ. ವಿಂಡೋಸಿನೊಳಗೇ ಇರುವ, ವಿಂಡೋಸ್ 7ರ ಕಾಲದ ಸಿಸ್ಟಮ್ ಇಮೇಜ್ (ಇಡೀ ಡಿಸ್ಕಿನ ಯಥಾವತ್ ನಕಲು) ಸೌಲಭ್ಯವನ್ನು ಮೈಕ್ರೋಸಾಫ್ಟ್ 2017ರಲ್ಲೇ ಕೈಬಿಡಬೇಕಾದವುಗಳ ಪಟ್ಟಿಗೆ ಸೇರಿಸಿ, ಬೇರೆ ಕಂಪನಿಗಳ ತಂತ್ರಾಂಶ ಬಳಸಿ ಎಂದಿತು. ಅದು ಇಂದಿಗೂ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕೂತಿದೆ ಎಂಬುದು ಅದನ್ನು ನೆಚ್ಚಲು ಕಾರಣವಾಗದು. ಕಂಪನಿಗಳನ್ನು ದೂರಿ ಫಲವಿಲ್ಲ, ಅವು ವ್ಯಾಪಾರಕ್ಕೆ ನಿಂತವು. ಆದರೆ ಬ್ಯಾಕಪ್ ವರ್ಷಗಟ್ಟಲೆ ಇಟ್ಟುಕೊಳ್ಳುವ ವಸ್ತು. ತಯಾರಿಸಿದವರು ಮನಸ್ಸು ಬದಲಿಸಿದ ಮೇಲೂ ಅದು ತೆರೆಯಬೇಕು.

ಇಲ್ಲಿಯೇ ಕ್ಲೋನ್‌ಝಿಲ್ಲಾ ಎಂಬ ಉಚಿತ ತಂತ್ರಾಂಶ ಎದ್ದು ನಿಲ್ಲುತ್ತದೆ. ತೈವಾನಿನ ಹೈ-ಪರ್ಫಾರ್ಮೆನ್ಸ್ ಕಂಪ್ಯೂಟಿಂಗ್ ರಾಷ್ಟ್ರೀಯ ಕೇಂದ್ರದಲ್ಲಿ ಬೆಳೆದ ಇದರ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆ. ಪೆನ್ ಡ್ರೈವಿನಿಂದ ಬೂಟ್ ಮಾಡಿಯೇ ಬಳಸಬೇಕು. ಹಾಗಾಗಿ ಇಮೇಜ್ ತೆಗೆಯಲು ಬಳಸಿದ ಪೆನ್ ಡ್ರೈವೇ ಮರಳಿ ತುಂಬುವುದಕ್ಕೂ ಸಾಕು, ಅದು ಈ ಯಂತ್ರದಲ್ಲಿ ಬೂಟ್ ಆಗುತ್ತದೆ ಎಂಬುದು ಮೊದಲ ದಿನವೇ ಖಾತ್ರಿಯಾಗಿರುತ್ತದೆ. ಡಿಸ್ಕಿನ ಖಾಲಿ ಜಾಗ ಬಿಟ್ಟು ಬಳಕೆಯಾದ ಭಾಗವನ್ನಷ್ಟೇ ಅದು ಎತ್ತಿಕೊಳ್ಳುತ್ತದೆ. ಇಮೇಜನ್ನು ಪಾರ್ಟ್‌ಕ್ಲೋನ್ ಎಂಬ ಇನ್ನೊಂದು ಮುಕ್ತ ತಂತ್ರಾಂಶದ ರೂಪದಲ್ಲಿ ಇಡುವುದರಿಂದ, ನಾಳೆ ಕ್ಲೋನ್‌ಝಿಲ್ಲಾವೇ ನಿಂತುಹೋದರೂ ಬೇರೆ ಲಿನಕ್ಸ್ ವ್ಯವಸ್ಥೆಯಿಂದ ಅದನ್ನು ಬಿಡಿಸಬಹುದು. ಕುಂದುಗಳೂ ಚಿಕ್ಕವಲ್ಲ. ಕಳೆದ ಸಲದಿಂದ ಬದಲಾದದ್ದನ್ನು ಮಾತ್ರ ಸೇರಿಸುವುದು ಅದಕ್ಕೆ ಬಾರದು. ಹೊಸ ಡಿಸ್ಕ್ ಹಳೆಯದರಷ್ಟಾದರೂ ದೊಡ್ಡದಿರಬೇಕು. ನೀಲಿ ಪರದೆಯ ಪ್ರಶ್ನೆಗಳಿಗೆ ಅವಸರದಲ್ಲಿ ಉತ್ತರಿಸಿ ಮೂಲ ಯಾವುದು, ಗುರಿ ಯಾವುದು ಎಂದು ಅದಲುಬದಲು ಮಾಡಿದರೆ, ಉಳಿಸಹೊರಟ ಡಿಸ್ಕೇ ಅಳಿಸಿಹೋಗುತ್ತದೆ. ಈ ಭಯ ಇರುವವರಿಗೆ ಅದೇ ರೂಪದ ಇಮೇಜನ್ನು ಮೌಸ್ ಹಿಡಿದು ಬಳಸಲು ಬರುವ ರೆಸ್ಕ್ಯೂಝಿಲ್ಲಾ ಇದೆ. ಹೆಚ್ಚಿನ ಮನೆಗಳಿಗೆ ಅದೇ ಒಳ್ಳೆಯದು.

ಕಂಪ್ಯೂಟರ್ ಆರಿಸಿ, ಪೆನ್ ಡ್ರೈವ್ ಚುಚ್ಚಿ, ಕಾಯುತ್ತ ಕೂರುವ ಕೆಲಸವನ್ನು ಯಾರು ವಾರವಾರ ಮಾಡುತ್ತಾರೆ ಎಂಬ ಆಕ್ಷೇಪ ನ್ಯಾಯವಾದದ್ದೇ. ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ದಿನದ ಕೆಲಸಕ್ಕೆ ವೀಮ್ ಏಜೆಂಟ್‌ನ ಉಚಿತ ಆವೃತ್ತಿ ಗಟ್ಟಿಯಾದದ್ದು: ವಿಂಡೋಸ್ ನಡೆಯುತ್ತಿರುವಾಗಲೇ ಬದಲಾದದ್ದನ್ನಷ್ಟೇ ಎತ್ತಿಡುತ್ತದೆ, ಬೇಕಾದ ಒಂದೇ ಫೈಲನ್ನೂ ಹೊರತೆಗೆಯಲು ಬಿಡುತ್ತದೆ. ಅದೂ ಕಂಪನಿಯ ಉಚಿತವೇ, ನಾಳೆ ನಿಲ್ಲಬಹುದು. ಆದ್ದರಿಂದ ಅದು ಒಂಟಿಯಾಗಿರಬಾರದು. ವರ್ಷಕ್ಕೆ ಒಂದೆರಡು ಸಲದ ಮುಕ್ತ ಇಮೇಜ್ ಜೊತೆಗಿರಬೇಕು. ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸಿನ ಗೂಢಲಿಪಿ ಬೀಗವಿದ್ದರೆ ಇವೆರಡರ ನಡತೆಯೇ ಬೇರೆ. ಹೊರಗಿನಿಂದ ಬರುವ ಕ್ಲೋನ್‌ಝಿಲ್ಲಾಗೆ ಬೀಗದೊಳಗಿನದು ಕಾಣದು, ಇಡೀ ಪಾರ್ಟಿಶನ್ನನ್ನು ಇದ್ದಂತೆ ನಕಲಿಸಿ ಭಾರೀ ಗಾತ್ರದ ಇಮೇಜ್ ಮಾಡುತ್ತದೆ. ಒಳಗಿನಿಂದ ಓದುವ ವೀಮ್ ತೆಗೆದ ನಕಲಿಗೆ ಆ ಬೀಗವೇ ಇರುವುದಿಲ್ಲ; ಅದಕ್ಕೆ ಬೇರೆ ಪಾಸ್‌ವರ್ಡ್ ಹಾಕಬೇಕು. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿದಾಗ ಕೇಳದೆಯೇ ಈ ಬೀಗ ಬೀಳುವುದುಂಟು. ಅದನ್ನು ತೆರೆಯುವ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡುವುದೂ ಬ್ಯಾಕಪ್ಪಿನ ಭಾಗವೇ.

ಎಲ್ಲವೂ ಗೂಗಲ್ ಡ್ರೈವಿನಲ್ಲಿದೆ, ಇಮೇಜ್ ಯಾಕೆ ಬೇಕು ಎನ್ನುವವರಿದ್ದಾರೆ. ಉಚಿತವಾಗಿ ಸಿಗುವ 15 ಜಿಬಿಯ ಮಾತು ಹಾಗಿರಲಿ, ಸಿಂಕ್ ಎಂಬುದು ಇಲ್ಲಿ ಅಳಿಸಿದ್ದನ್ನು ಅಲ್ಲಿಯೂ ಅಳಿಸುತ್ತದೆ. ಕಸದಬುಟ್ಟಿಯಲ್ಲಿ ಉಳಿಯುವುದು ಕೆಲವೇ ದಿನ. ಅದಕ್ಕಿಂತ ಮುಖ್ಯವಾದ ಕಾರಣ ಕನ್ನಡದಲ್ಲೇ ಇದೆ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳಲ್ಲಿ ಟೈಪಾದ ಕಥೆ, ಪ್ರಬಂಧ, ಮದುವೆಯ ಕರೆಯೋಲೆ, ಊರಿನ ಸ್ಮರಣ ಸಂಚಿಕೆಗಳ ಫೈಲುಗಳಲ್ಲಿ ಇರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು. ಕನ್ನಡದ ರೂಪ ಇರುವುದು ಫಾಂಟಿನಲ್ಲಿ. ಫೈಲನ್ನಷ್ಟೇ ಉಳಿಸಿದವರಿಗೆ ಕನ್ನಡ ಉಳಿಯದು. ಪಠ್ಯವನ್ನು ಯೂನಿಕೋಡಿಗೆ ಬದಲಾಯಿಸುವ ಕನ್ವರ್ಟರುಗಳಿವೆ, ನಿಜ. ಆದರೆ ಪೇಜ್‌ಮೇಕರಿನಲ್ಲಿ ಕಟ್ಟಿದ ಪುಟವಿನ್ಯಾಸಕ್ಕೆ ಅವು ಒದಗುವುದಿಲ್ಲ. ವಿಂಡೋಸ್, ಫಾಂಟ್, ತಂತ್ರಾಂಶ ಎಲ್ಲವನ್ನೂ ಇದ್ದ ಹಾಗೆಯೇ ಹಿಡಿದಿಡುವುದು ಡಿಸ್ಕ್ ಇಮೇಜ್ ಮಾತ್ರ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದು ಹಳೆಯ ಯಂತ್ರಗಳು ಗುಜರಿಗೆ ಸಾಗುತ್ತಿವೆ. ಪುಟ್ಟ ಪ್ರೆಸ್ಸುಗಳ, ನಿವೃತ್ತ ಮೇಷ್ಟ್ರುಗಳ ಡಿಸ್ಕುಗಳನ್ನು ಫಾರ್ಮ್ಯಾಟ್ ಮಾಡುವ ಮೊದಲು ಒಂದು ಇಮೇಜ್ ತೆಗೆಯುವುದು ತೀರಾ ತುರ್ತಿನ ಕೆಲಸ.

ಇಮೇಜ್ ತೆಗೆದ ಮೇಲೆ ಪರೀಕ್ಷೆ. ಮನೆಯಲ್ಲಿ ಇನ್ನೊಂದು ಡಿಸ್ಕ್ ಎಲ್ಲಿಂದ ತರುವುದು ಎಂಬ ತೊಡಕಿಗೂ ಉಚಿತ ದಾರಿಯಿದೆ: ಕಂಪ್ಯೂಟರಿನೊಳಗೇ ಇನ್ನೊಂದು ಕಾಲ್ಪನಿಕ ಕಂಪ್ಯೂಟರ್ ನಡೆಸುವ ವರ್ಚುವಲ್‌ಬಾಕ್ಸ್‌ನಲ್ಲಿ ಮೂಲದಷ್ಟೇ ಗಾತ್ರದ ಒಂದು ಕಾಲ್ಪನಿಕ ಡಿಸ್ಕ್ ಮಾಡಿ ಅದರೊಳಗೆ ಇಮೇಜನ್ನು ತುಂಬಬಹುದು. ಆ ಡಿಸ್ಕಿನ ಫೈಲು ನಿಜವಾಗಿ ತುಂಬಿದಷ್ಟೇ ಬೆಳೆಯುವುದರಿಂದ ಜಾಗವೂ ಅಷ್ಟಾಗಿ ಹಿಡಿಯದು. ವಿಂಡೋಸ್ ಅಲ್ಲಿ ಡ್ರೈವರ್‌ಗಾಗಿ, ಆಕ್ಟಿವೇಶನ್‌ಗಾಗಿ ತಕರಾರು ತೆಗೆಯಬಹುದು. ನೋಡಬೇಕಾದದ್ದು ಫೈಲುಗಳು ತೆರೆಯುತ್ತವೆಯೇ ಎಂಬುದನ್ನು. ಏನೇ ಆದರೂ ಈ ಪ್ರಯೋಗವನ್ನು ಮೂಲ ಡಿಸ್ಕಿನ ಮೇಲೆ ಮಾಡಬಾರದು. ಪರೀಕ್ಷೆ ಮುಗಿದ ಮೇಲೆ ಎಕ್ಸ್‌ಟರ್ನಲ್ ಡಿಸ್ಕಿನ ಕೇಬಲ್ ಕಳಚಿ ಬೇರೆ ಕಡೆ ಇಡಬೇಕು. ರ‍್ಯಾನ್ಸಮ್‌ವೇರ್ ನುಗ್ಗಿದಾಗ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರುವ ಡಿಸ್ಕನ್ನೂ ಅದು ಬಿಡುವುದಿಲ್ಲ.