ಸಿಡಿದ ಕುಕ್ಕರ್ ಮತ್ತು ನಮ್ಮ ಮೌನ

ಕುಕ್ಕರ್ ಸಿಡಿದು ಮುಖ ಸುಟ್ಟುಕೊಂಡ ಹೆಣ್ಣಿಗೆ ನಾವು ಮೊದಲು ಕೇಳುವುದು, “ನೋಡಿಕೊಂಡು ಬೇಯಿಸಬಾರದಿತ್ತೇ?” ಎಂದು. 2020ರ ಜುಲೈಯಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ ಕೇಳುವ ಪ್ರಶ್ನೆಯೇ ಬೇರೆ: ವಸ್ತುವಿನಲ್ಲಿ ದೋಷವಿತ್ತೇ? ತಯಾರಿಕೆಯ ದೋಷದಿಂದಲೇ ಗಾಯವಾಯಿತೆಂದು ಸಾಬೀತಾದರೆ ತಯಾರಕ ಪರಿಹಾರ ತೆರಬೇಕು. ದುರ್ಬಳಕೆಯಾಗಿದ್ದರೆ ಮಾತ್ರ ಮಾತು ಬೇರೆ. ಹಣ ಕೊಟ್ಟವನು ಗಂಡನಾದರೂ, ಅವನ ಒಪ್ಪಿಗೆಯಿಂದ ಬಳಸಿದ ಹೆಂಡತಿಯೂ ಕಾನೂನಿನ ಕಣ್ಣಿನಲ್ಲಿ ಗ್ರಾಹಕಳೇ. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ವಕೀಲರು ಕಡ್ಡಾಯವಲ್ಲ, ಐದು ಲಕ್ಷದವರೆಗಿನ ವಸ್ತುವಿಗೆ ಶುಲ್ಕವೂ ಇಲ್ಲ.

ಕಾಯ್ದೆ ಒಳ್ಳೆಯದೇ. ಆದರೆ ಅದರ ಪೆಟ್ಟು ತೀರಾ ಮೆತ್ತಗಿದೆ. ಕಡ್ಡಾಯ ಗುಣಮಟ್ಟದ ಆದೇಶ ಮೀರಿದ 2,265 ಕುಕ್ಕರುಗಳ ಮಾರಾಟಕ್ಕೆ ಎಡೆಗೊಟ್ಟ ಆನ್‌ಲೈನ್ ಮಾರಾಟ ಸಂಸ್ಥೆಯೊಂದಕ್ಕೆ 2022ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಗ್ರಾಹಕರ ಹಣ ಮರಳಿಸಲು ಹೇಳಿತು, ನಿಜ. ವಿಧಿಸಿದ ದಂಡವೆಷ್ಟು? ಒಂದು ಲಕ್ಷ. ಕುಕ್ಕರೊಂದಕ್ಕೆ ಸುಮಾರು 44 ರೂಪಾಯಿ! ಇಷ್ಟು ಅಗ್ಗದ ಶಿಕ್ಷೆಗೆ ದೊಡ್ಡ ವ್ಯಾಪಾರಿ ಹೆದರುವನೇ?

ಅವನನ್ನು ಎಚ್ಚರಿಸಬಲ್ಲದ್ದು ಗಾಯಗೊಂಡವರ ದೂರು. ಆದರೆ ನಾವು ಸಿಡಿದ ಕುಕ್ಕರನ್ನು ಗುಜರಿಗೆ ಹಾಕಿ, ಹಣೆಬರಹವೆಂದು ಸುಮ್ಮನಾಗುತ್ತೇವೆ. ಗುಜರಿಗೆ ಹೋಗುವುದು ಸಾಕ್ಷ್ಯವೇ. ಅದನ್ನು ಬಿಲ್ಲು, ಆಸ್ಪತ್ರೆಯ ಚೀಟಿಗಳ ಜೊತೆ ಜೋಪಾನವಾಗಿಡೋಣ. ಸುಟ್ಟ ಮುಖಕ್ಕೆ ನ್ಯಾಯ ಕೇಳುವುದು ಜಗಳಗಂಟತನವಲ್ಲ.