ತಾತ್ಕಾಲಿಕ ಆಸರೆಗಳ ಪರಿಶೀಲನೆ: ನಿಕೋಲ್ ಹೆದ್ದಾರಿ ವರದಿಯ ವಿಮರ್ಶೆ

ನಗರದ ದೊಡ್ಡ ರಸ್ತೆಗಳ ಬದಿಯಲ್ಲಿ ಆಳವಾಗಿ ಅಗೆಯುವಾಗ ಮಣ್ಣನ್ನು ತಡೆದು ನಿಲ್ಲಿಸುವ ಉಕ್ಕಿನ ತೊಲೆಗಳು ಕೆಲಸ ಮುಗಿಯುವವರೆಗೆ ಮಾತ್ರ ಇರತಕ್ಕವು. ಆಸರೆ ತಾತ್ಕಾಲಿಕವಾದುದರಿಂದ ಅದರ ಲೆಕ್ಕಕ್ಕೆ ಅಷ್ಟು ಬಿಗಿ ಬೇಡವೆಂಬ ಭಾವನೆ ಸುಲಭವಾಗಿ ಬೇರೂರುತ್ತದೆ. ಸಿಂಗಪುರದ ನಿಕೋಲ್ ಹೆದ್ದಾರಿಯ ಕುಸಿತವನ್ನು ಕುರಿತು ವಿಚಾರಣಾ ಸಮಿತಿಯು 2005ರಲ್ಲಿ ಸಲ್ಲಿಸಿದ ವರದಿ ಈ ಭಾವನೆಯನ್ನು ಬುಡಸಹಿತ ಕೀಳುತ್ತದೆ.

2004ರ ಏಪ್ರಿಲ್ 20ರಂದು, ಸುರಂಗ ರೈಲುಮಾರ್ಗಕ್ಕಾಗಿ ಸುಮಾರು 30 ಮೀಟರ್ ಆಳಕ್ಕೆ ಅಗೆದಿದ್ದ ಕಂದಕದ ಆಸರೆ ಮುರಿದು, ಪಕ್ಕದ ಹೆದ್ದಾರಿಯೂ ಕುಸಿಯಿತು, ನಾಲ್ವರು ಮಡಿದರು. ಸಮಿತಿ ತಪ್ಪನ್ನು ಪ್ರಕೃತಿಯ ಮೇಲೆ ಹೊರಿಸಲಿಲ್ಲ. ಅದು ಎರಡು ಮುಖ್ಯ ದೋಷಗಳನ್ನು ಎತ್ತಿ ತೋರಿಸಿತು. ಮೊದಲನೆಯದು, ಅಡ್ಡತೊಲೆಗಳೂ ಗೋಡೆಗುಂಟ ಸಾಗುವ ತೊಲೆಗಳೂ ಸೇರುವ ಸಂದುಗಳ ಬಲ ಸಾಲದಾಗಿತ್ತು. ಎರಡನೆಯದು ಮಣ್ಣಿಗೆ ಸಂಬಂಧಿಸಿದ್ದು. ಮೆದುವಾದ ಕಡಲ ಜೇಡಿಯನ್ನು ಬೇಗನೆ ಅಗೆದರೆ ಒಳಗಿನ ನೀರು ಹೊರಹೋಗಲು ಅವಕಾಶವಿರುವುದಿಲ್ಲ. ಆ ಸ್ಥಿತಿಯಲ್ಲಿ ಜೇಡಿಗಿರುವ ಬಲಕ್ಕಿಂತ ಹೆಚ್ಚಿನ ಬಲವನ್ನು ಗಣಕಯಂತ್ರದ ಲೆಕ್ಕ ಕೊಟ್ಟಿತು. ಆದುದರಿಂದ ಗೋಡೆಯ ಬಾಗುವಿಕೆಯನ್ನು ಕಡಿಮೆಯಾಗಿ ಅಂದಾಜು ಮಾಡಿದಂತಾಯಿತು.

ತಾತ್ಕಾಲಿಕ ಕೆಲಸವನ್ನೂ ಶಾಶ್ವತ ಕಟ್ಟಡದಷ್ಟೇ ಬಿಗಿಯಾಗಿ ವಿನ್ಯಾಸ ಮಾಡಬೇಕು, ಅದನ್ನು ಸ್ವತಂತ್ರವಾಗಿ ಪರಿಶೀಲಿಸಬೇಕು ಎಂಬ ಶಿಫಾರಸು ನ್ಯಾಯವಾದುದೇ. ಆದರೆ 'ಸ್ವತಂತ್ರ' ಎಂಬ ಪದದ ಅರ್ಥವನ್ನು ಇನ್ನೂ ಬಿಗಿಗೊಳಿಸಬೇಕು. ಪರಿಶೀಲಕನು ಬೇರೆ ಸಂಸ್ಥೆಯವನಾಗಿದ್ದೂ ಅದೇ ಮಣ್ಣಿನ ಬಲವನ್ನು, ಅದೇ ವಿಧಾನವನ್ನು ಒಪ್ಪಿಕೊಂಡರೆ, ಅವನ ಉತ್ತರವೂ ಮೊದಲಿನ ಉತ್ತರವೇ ಆಗುತ್ತದೆ. ಅಲ್ಲಿ ಸಹಿ ಎರಡು. ಪರೀಕ್ಷೆ ಮಾತ್ರ ಒಂದೇ. ಭೂತಾಂತ್ರಿಕ ಪರಿಶೀಲನೆ ಎಂದರೆ ಕೂಡುವುದು ಕಳೆಯುವುದು ಸರಿಯಾಗಿದೆಯೇ ಎಂದು ನೋಡುವುದಲ್ಲ. ಲೆಕ್ಕ ನಿಂತಿರುವ ಊಹೆಯನ್ನೇ ಮಣ್ಣಿನ ಮಾದರಿಗಳ ಪರೀಕ್ಷೆಯಿಂದ ಒರೆಗೆ ಹಚ್ಚುವುದು.

ಈ ದೃಷ್ಟಿಯಿಂದ ವರದಿಯಲ್ಲಿ ಅತ್ಯಂತ ಮನನೀಯವಾದುದು ಗೋಡೆಯ ಚಲನೆಯನ್ನು ಕುರಿತ ಭಾಗ. ಗೋಡೆ ನಿಗದಿಯಾದ ಮಿತಿಯನ್ನು ಮೀರಿ ಬಾಗಿದಾಗ ಲೆಕ್ಕವನ್ನು ಹಿಮ್ಮುಖವಾಗಿ ಮಾಡಿ, ಮಿತಿಯನ್ನೇ ಮೇಲಕ್ಕೆ ಏರಿಸಲಾಯಿತು. ಮಣ್ಣು ನುಡಿದ ಸಾಕ್ಷ್ಯ ಲೆಕ್ಕಕ್ಕೆ ಹೊಂದಲಿಲ್ಲವೆಂದು, ಆ ಸಾಕ್ಷ್ಯವನ್ನೇ ತಿದ್ದಿದಂತೆ ಇದು.

ಗಣಕಯಂತ್ರದ ನೆರವಿನಿಂದಲೇ ಮಣ್ಣಿನ ಶಾಸ್ತ್ರವನ್ನು ಕಲಿಯುವ ವಿದ್ಯಾರ್ಥಿಗಳು ಈ ವರದಿಯನ್ನು ಅವಶ್ಯವಾಗಿ ಓದಬೇಕು. ಯಾವುದೇ ಲೆಕ್ಕ ಕೈಗೆ ಬಂದಾಗ ಉತ್ತರವನ್ನು ನೋಡುವ ಮೊದಲು, ಮಣ್ಣಿನ ಬಲದ ಅಂಕಿ ಎಲ್ಲಿಂದ ಬಂದಿತು ಎಂದು ಕೇಳುವ ಅಭ್ಯಾಸ ಅವರಲ್ಲಿ ಬೆಳೆಯಬೇಕು.